ಗರಗಸದ ಗುರುತು: ಚೀನಾದ ಸ್ವತಂತ್ರ ಸಂಗೀತ ಮತ್ತು ಗುಜರಿ ವ್ಯಾಪಾರ

ಚೀನಾದ ಸ್ವತಂತ್ರ ಸಂಗೀತದ ಚರಿತ್ರೆಯನ್ನು 1986ರ ಮೇ ತಿಂಗಳಲ್ಲಿ ಬೀಜಿಂಗಿನ ಕಾರ್ಮಿಕರ ಒಳಾಂಗಣ ಕ್ರೀಡಾಂಗಣದಲ್ಲಿ ತ್ಸುಯಿ ಜಿಯಾನ್ ಎಂಬ ತುತ್ತೂರಿ ವಾದಕ ಹಾಡಿದ ರಾಕ್ ಗೀತೆಯಿಂದ ಆರಂಭಿಸುವುದು ವಾಡಿಕೆ. ಆ ಗೀತೆಯ ಮಹತ್ವ ನಿರ್ವಿವಾದವಾದರೂ, ಮುಂದಿನ ದಶಕದಲ್ಲಿ ನೂರಾರು ತರುಣರು ತಾವೇ ವಾದ್ಯಗೋಷ್ಠಿ ಕಟ್ಟಿಕೊಳ್ಳುವಷ್ಟು ಬಗೆಬಗೆಯ ಸಂಗೀತ ಅವರ ಕಿವಿಗೆ ಬಿದ್ದದ್ದು ಗುಜರಿ ವ್ಯಾಪಾರದ ಮೂಲಕ ಎಂಬುದಕ್ಕೆ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

1990ರ ದಶಕದಲ್ಲಿ ಪಾಶ್ಚಾತ್ಯ ಧ್ವನಿಮುದ್ರಣ ಕಂಪನಿಗಳು ಮಾರಾಟವಾಗದೆ ಉಳಿದ ಕ್ಯಾಸೆಟ್ ಹಾಗೂ ಸಿ.ಡಿ.ಗಳು ಮತ್ತೆ ಮಾರುಕಟ್ಟೆ ಸೇರದಂತೆ ಅವುಗಳ ಅಂಚನ್ನು ಗರಗಸದಿಂದ ಸೀಳಿ, ಕರಗಿಸಿ ಮರುಬಳಕೆ ಮಾಡಲೆಂದು ಪ್ಲಾಸ್ಟಿಕ್ ತ್ಯಾಜ್ಯದ ಲೆಕ್ಕದಲ್ಲಿ ಹಡಗಿಗೆ ಹಾಕುತ್ತಿದ್ದವು. ಈ ಸರಕು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಬಂದರುಗಳಲ್ಲಿ ಇಳಿದಾಗ, ಅದನ್ನು ತೂಕಕ್ಕೆ ಕೊಂಡವರು ಕರಗಿಸುವ ಬದಲು ಆರಿಸಿ, ಬೇರ್ಪಡಿಸಿ ನಗರಗಳಿಗೆ ಸಾಗಿಸಿದರು. ಸಿ.ಡಿ.ಯನ್ನು ಯಂತ್ರವು ನಡುವಿನಿಂದ ಅಂಚಿನ ಕಡೆಗೆ ಓದುವುದರಿಂದ, ಅಂಚು ಸೀಳಿದ ತಟ್ಟೆಯಲ್ಲಿ ಹೆಚ್ಚಾಗಿ ಕೊನೆಯ ಒಂದೆರಡು ಹಾಡುಗಳಷ್ಟೇ ನಷ್ಟವಾಗುತ್ತಿದ್ದವು. ಕಡಿದುಹೋದ ಕ್ಯಾಸೆಟ್ಟಿನ ಪಟ್ಟಿಯನ್ನು ಅಂಟಿಸಿ ಕೇಳಬಹುದಾಗಿತ್ತು. ಇಂಥ ಸರಕಿಗೆ 'ದಾಕೌ', ಅಂದರೆ ಸೀಳು ಬಿದ್ದದ್ದು, ಎಂಬ ಹೆಸರು ಬಂತು. ಅದನ್ನು ಕೇಳಿ ಬೆಳೆದವರನ್ನು ದಾಕೌ ಪೀಳಿಗೆ ಎಂದೇ ಕರೆಯಲಾಯಿತು.

ವಿದೇಶಿ ಧ್ವನಿಮುದ್ರಣಗಳ ಅಧಿಕೃತ ಆಮದು ಸರ್ಕಾರದ ಹಿಡಿತದಲ್ಲಿದ್ದ ಆ ಕಾಲದಲ್ಲಿ ಈ ಗುಜರಿಗೆ ಯಾವ ಪರಿಶೀಲನೆಯೂ ಇರಲಿಲ್ಲ, ಯಾವ ಕ್ರಮವೂ ಇರಲಿಲ್ಲ. ಅಮೆರಿಕದಲ್ಲೇ ಮಾರಾಟವಾಗದ ಪಂಕ್, ಮೆಟಲ್ ಹಾಗೂ ಪ್ರಾಯೋಗಿಕ ಸಂಗೀತವು ಒಂದೇ ರಾಶಿಯಲ್ಲಿ ಬಂದು ಬೀಳುತ್ತಿದ್ದುದರಿಂದ, ಪಶ್ಚಿಮದಲ್ಲಿ ದಶಕಗಳ ಅಂತರದಲ್ಲಿ ಹುಟ್ಟಿದ ಶೈಲಿಗಳು ಚೀನಾದ ಕೇಳುಗರಿಗೆ ಏಕಕಾಲದಲ್ಲಿ ದಕ್ಕಿದವು. ಅಲ್ಲಿನ ಗೋಷ್ಠಿಗಳು ಶೈಲಿಗಳ ಗಡಿಯನ್ನು ಲಕ್ಷಿಸದೆ ಬೆರೆಸಿದ ಧೈರ್ಯಕ್ಕೆ ಇದೂ ಒಂದು ಕಾರಣವೆನ್ನಬೇಕು. ಬೀಜಿಂಗಿನಲ್ಲಿ ಈ ವ್ಯಾಪಾರ ಬೇರೂರಿದ್ದು ವಿಶ್ವವಿದ್ಯಾಲಯಗಳ ನೆರೆಯ ವುದಾವ್‌ಕೌ ಬಡಾವಣೆಯಲ್ಲಿ. ದಶಕದ ಕೊನೆಗೆ ನಗರದ ಪಂಕ್ ಗೋಷ್ಠಿಗಳು ನೆಲೆ ಕಂಡುಕೊಂಡದ್ದೂ, 2006ರಲ್ಲಿ ಡಿ-22 ಎಂಬ ಪುಟ್ಟ ಸಂಗೀತ ಕ್ಲಬ್ ಬಾಗಿಲು ತೆರೆದದ್ದೂ ಅಲ್ಲಿಯೇ.

ಸಂಸ್ಥೆಗಳು ಬಂದದ್ದು ಕೇಳುಗರ ನಂತರ. 1993ರಲ್ಲಿ ಸ್ಥಾಪನೆಯಾದ ಮಿಡಿ ಸಂಗೀತ ವಿದ್ಯಾಲಯವು 2000ದಲ್ಲಿ ತನ್ನ ಉತ್ಸವವನ್ನು ಆರಂಭಿಸಿತು. ಸ್ವತಃ ಗಾಯಕರಾದ ಶೆನ್ ಲಿಹುಯಿ 1997ರಲ್ಲಿ ಮಾಡರ್ನ್ ಸ್ಕೈ ಕಂಪನಿಯನ್ನು ಕಟ್ಟಿದರು. ಆದರೂ ಧ್ವನಿಮುದ್ರಿಕೆ ಹೊರತರಲು ಸರ್ಕಾರಿ ಪ್ರಕಾಶನ ಸಂಸ್ಥೆಯ ಸಂಖ್ಯೆ ಬೇಕಾಗುತ್ತಿದ್ದ, ಪ್ರದರ್ಶನಕ್ಕೆ ಅಧಿಕಾರಿಗಳ ಅನುಮತಿ ಬೇಕಾಗುತ್ತಿದ್ದ ವ್ಯವಸ್ಥೆಯಲ್ಲಿ 'ಸ್ವತಂತ್ರ' ಎಂಬ ವಿಶೇಷಣವನ್ನು ಎಚ್ಚರದಿಂದಲೇ ಬಳಸಬೇಕು.

2000ದ ನಂತರ ಅಂತರಜಾಲದಿಂದ ಹಾಡುಗಳನ್ನು ಪಡೆಯುವುದು ಸುಲಭವಾದಂತೆ ದಾಕೌ ವ್ಯಾಪಾರ ಕ್ಷೀಣಿಸಿತು. ಮಾಡರ್ನ್ ಸ್ಕೈ 1998ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರತಂದ ನ್ಯೂ ಪ್ಯಾಂಟ್ಸ್ ಗೋಷ್ಠಿ 2019ರಲ್ಲಿ ಐಚೀಯಿ ಜಾಲವಾಹಿನಿಯ ಜನಪ್ರಿಯ ಸ್ಪರ್ಧೆಯೊಂದರಲ್ಲಿ ಪ್ರಥಮ ಸ್ಥಾನ ಗಳಿಸುವ ವೇಳೆಗೆ, ವಿದೇಶದ ಬಹುಪಾಲು ಪ್ಲಾಸ್ಟಿಕ್ ತ್ಯಾಜ್ಯದ ಆಮದನ್ನೇ ಚೀನಾ ನಿಷೇಧಿಸಿ ಆಗಿತ್ತು.