ಘೋಸ್ಟ್ ಇನ್ ದ ಶೆಲ್

ಘೋಸ್ಟ್ ಇನ್ ದ ಶೆಲ್ ಮಮೊರು ಒಶಿಯಿ ನಿರ್ದೇಶಿಸಿದ ಜಪಾನೀ ಆನಿಮೇಷನ್ ಚಿತ್ರ. ಮಸಾಮುನೆ ಶಿರೊ 1989ರಲ್ಲಿ ಧಾರಾವಾಹಿಯಾಗಿ ಆರಂಭಿಸಿದ ಮಾಂಗಾವನ್ನು ಆಧರಿಸಿ ಕಜುನೊರಿ ಇತೊ ಚಿತ್ರಕಥೆ ಬರೆದರು, ಕೆಂಜಿ ಕಾವಾಯಿ ಸಂಗೀತ ನೀಡಿದರು, ಪ್ರೊಡಕ್ಷನ್ ಐ.ಜಿ. ಸ್ಟುಡಿಯೊ ಚಿತ್ರವನ್ನು ತಯಾರಿಸಿತು. ಜಪಾನಿನಲ್ಲಿ ತೆರೆಕಂಡದ್ದು 1995ರ ನವೆಂಬರ್ 18ರಂದು; ವಿಂಡೋಸ್ 95ರ ಜಪಾನೀ ಆವೃತ್ತಿ ಮಾರಾಟಕ್ಕೆ ಬಂದದ್ದು ಅದಾದ ಐದು ದಿನಕ್ಕೆ. ಇಂಟರ್‌ನೆಟ್ ಇನ್ನೂ ಮನೆಮಾತಾಗಿರದ ಆ ಹೊತ್ತಿನಲ್ಲಿ, ಜಾಲದೊಳಗೆ ಎಚ್ಚರಗೊಂಡ ಪ್ರೋಗ್ರಾಂ ಒಂದು ತನ್ನನ್ನು ಜೀವಿಯೆಂದು ಒಪ್ಪಿಕೊಳ್ಳಿರೆಂದು ಸರ್ಕಾರವನ್ನು ಕೇಳುವ ಕಥೆಯನ್ನು ಇದು ಹೇಳಿತು. ಯಂತ್ರ ಮನುಷ್ಯನಾಗುವ ಕಥೆ ಎಂದೇ ಇದನ್ನು ಸಾಮಾನ್ಯವಾಗಿ ಪರಿಚಯಿಸುತ್ತಾರೆ. ಆ ಮಾತು ಸುಳ್ಳಲ್ಲವಾದರೂ ಸಡಿಲ. ಬುದ್ಧಿ, ಭಾವನೆ, ಪ್ರೀತಿ ಬಂದರೆ ಯಂತ್ರ ಮನುಷ್ಯನಾಯಿತೆಂಬುದು ಇಂಥ ಕಥೆಗಳ ರೂಢಿಯ ಲೆಕ್ಕ. ಒಶಿಯಿಯವರ ಪ್ರೋಗ್ರಾಂ ಇವುಗಳಲ್ಲಿ ಒಂದನ್ನೂ ಬೇಡುವುದಿಲ್ಲ. ಅದು ಬೇಡುವುದು ಸಾವನ್ನು ಮತ್ತು ಸಂತಾನವನ್ನು. ಚಿತ್ರದ ನಿಜವಾದ ತೂಕ ಇರುವುದು ಈ ಬೇಡಿಕೆಯಲ್ಲಿ.

ಕಥೆ ನಡೆಯುವುದು 2029ರಲ್ಲಿ, ಹಾಂಗ್‌ಕಾಂಗ್‌ನ ಬೀದಿ, ಕಾಲುವೆ, ಅಂಗಡಿ ಫಲಕಗಳ ಮಾದರಿಯಲ್ಲಿ ಬಿಡಿಸಿದ ಒಂದು ಕಲ್ಪಿತ ನಗರದಲ್ಲಿ. ಜನರ ಮಿದುಳು ನೇರವಾಗಿ ಜಾಲಕ್ಕೆ ಬೆಸೆದುಕೊಂಡಿದೆ, ಹಾಗಾಗಿ ಮಿದುಳಿಗೂ ಕನ್ನ ಹಾಕಬಹುದು. ಸಾರ್ವಜನಿಕ ಭದ್ರತೆಯ 9ನೇ ವಿಭಾಗದ ಅಧಿಕಾರಿ ಮೊತೊಕೊ ಕುಸಾನಾಗಿಯ ದೇಹ ಪೂರ್ತಿ ಕಾರ್ಖಾನೆಯದು. ಹುಟ್ಟಿನಿಂದ ಉಳಿದದ್ದು ಮಿದುಳಿನ ಅಂಶವೊಂದೇ, ಅದನ್ನಾದರೂ ಆಕೆ ಕಣ್ಣಾರೆ ಕಂಡವಳಲ್ಲ. ತಾನು ಮನುಷ್ಯಳೆಂಬುದಕ್ಕೆ ಸುತ್ತಲಿನವರು ಹಾಗೆ ನಡೆಸಿಕೊಳ್ಳುತ್ತಾರೆಂಬುದರ ಹೊರತು ಬೇರೆ ಸಾಕ್ಷಿ ಅವಳಲ್ಲಿಲ್ಲ. ಪಪೆಟ್ ಮಾಸ್ಟರ್, ಅಂದರೆ ಸೂತ್ರಧಾರ ಎಂಬ ಅಡ್ಡಹೆಸರಿನ ಹ್ಯಾಕರ್‌ನನ್ನು ಆಕೆ ಬೆನ್ನಟ್ಟುತ್ತಾಳೆ. ಕೊನೆಗೆ ತಿಳಿಯುವುದೇನೆಂದರೆ, ಆತ ವ್ಯಕ್ತಿಯೇ ಅಲ್ಲ. ವಿದೇಶಾಂಗ ಸಚಿವಾಲಯದ 6ನೇ ವಿಭಾಗ ಬೇಹುಗಾರಿಕೆಗೆಂದು ಬರೆಸಿದ, ಪ್ರಾಜೆಕ್ಟ್ 2501 ಎಂಬ ಗುಪ್ತನಾಮದ ಪ್ರೋಗ್ರಾಂ.

ಇಬ್ಬರೂ ಎದುರುಬದುರು ದಿಕ್ಕಿನಿಂದ ನಡೆದು ಬರುವಂತೆ ಒಶಿಯಿ ಚಿತ್ರವನ್ನು ಕಟ್ಟಿದ್ದಾರೆ. ಕುಸಾನಾಗಿ ಕಣ್ಣು ಮಿಟುಕಿಸುವುದೇ ಅಪರೂಪ, ಮುಖ ಗೊಂಬೆಯಂತೆ ನಿಶ್ಚಲ. ನಡುವೆ ಬರುವ ಮಾತಿಲ್ಲದ ಕೆಲವು ನಿಮಿಷಗಳ ನಗರಸಂಚಾರದಲ್ಲಿ ತನ್ನದೇ ರೂಪದ ಇನ್ನೊಬ್ಬ ಹೆಂಗಸನ್ನು ಆಕೆ ಗಾಜಿನಾಚೆ ಕಾಣುತ್ತಾಳೆ. ಅಂಗಡಿ ಕಿಟಕಿಯಲ್ಲಿ ನಿಲ್ಲಿಸಿದ ಗೊಂಬೆಗಳನ್ನೂ ನೋಡುತ್ತಾಳೆ. ಇನ್ನು ಕಸದ ಲಾರಿಯ ಕೆಲಸಗಾರನ ಪ್ರಸಂಗ. ಹೆಂಡತಿ ವಿಚ್ಛೇದನ ಕೇಳಿದ್ದಾಳೆ, ಮಗಳನ್ನು ನೋಡಲು ಬಿಡುತ್ತಿಲ್ಲ ಎಂದು ಆತ ಗೋಳಾಡುತ್ತಾನೆ. ಹೆಂಡತಿಯೂ ಇಲ್ಲ, ಮಗಳೂ ಇಲ್ಲ, ಅಷ್ಟೂ ನೆನಪು ಸೂತ್ರಧಾರ ಬಿತ್ತಿದ್ದು; ಮಗಳದೆಂದು ತೋರಿಸುತ್ತಿದ್ದ ಫೋಟೊದಲ್ಲಿ ಮಗಳೇ ಇಲ್ಲ. ಈ ದೃಶ್ಯವಾದ ಮೇಲೆ ನೆನಪು, ದುಃಖ, ವಾತ್ಸಲ್ಯ ಇವು ಮನುಷ್ಯತ್ವದ ಅಳತೆಗೋಲಾಗಿ ಉಳಿಯುವುದಿಲ್ಲ. ಹೊರಗಿನಿಂದ ತುಂಬಿದ ದುಃಖಕ್ಕೂ ಆತ ನಿಜವಾಗಿಯೇ ಅಳುತ್ತಾನೆ. ಭಾವನೆಯನ್ನು ಮಾನದಂಡವಾಗಿ ಇಟ್ಟುಕೊಂಡರೆ ಕಥೆ ಮುಂದೆ ಹೋಗದಂತೆ ಒಶಿಯಿ ಆ ಬಾಗಿಲನ್ನು ಮೊದಲೇ ಮುಚ್ಚಿಬಿಟ್ಟಿದ್ದಾರೆ.

ಕಾರ್ಖಾನೆಯ ದೇಹವೊಂದನ್ನು ಹೊಕ್ಕು 9ನೇ ವಿಭಾಗದ ಕೈಗೆ ಸಿಕ್ಕ ಸೂತ್ರಧಾರ ರಾಜಕೀಯ ಆಶ್ರಯ ಕೇಳುತ್ತದೆ. ಕೃತಕ ಬುದ್ಧಿಮತ್ತೆ ಎಂಬ ಹಣೆಪಟ್ಟಿಯನ್ನು ಅದು ಒಪ್ಪುವುದಿಲ್ಲ. ಇದು ಸ್ವರಕ್ಷಣೆಗಾಗಿ ಬರೆದ ಪ್ರೋಗ್ರಾಂ ಅಷ್ಟೇ ಎಂದು ಅಧಿಕಾರಿಯೊಬ್ಬ ತಳ್ಳಿಹಾಕಿದಾಗ, ಹಾಗಾದರೆ ನಿಮ್ಮ ಡಿಎನ್‌ಎ ಕೂಡ ಸ್ವರಕ್ಷಣೆಯ ಪ್ರೋಗ್ರಾಂ ತಾನೆ ಎಂಬರ್ಥದ ಉತ್ತರ ಬರುತ್ತದೆ. ಈ ಮಾತು ಬಹಳ ಪ್ರಸಿದ್ಧ. ಆದರೆ ವಾದವಾಗಿ ಅರೆಬರೆ. ಎರಡೂ ಪ್ರೋಗ್ರಾಂ ಎಂದ ಮಾತ್ರಕ್ಕೆ ಎರಡೂ ಜೀವ ಎಂದಾಗುವುದಿಲ್ಲ. ಗಟ್ಟಿಯಾದ ಉತ್ತರ ಕೊನೆಯಲ್ಲಿದೆ. ನನ್ನ ಪ್ರತಿಗಳನ್ನು ಎಷ್ಟು ಬೇಕಾದರೂ ಮಾಡಿಕೊಳ್ಳಬಲ್ಲೆ, ಆದರೆ ಪ್ರತಿ ಎಂದಿಗೂ ಪ್ರತಿಯೇ, ಒಂದೇ ವೈರಸ್ ಎಲ್ಲವನ್ನೂ ಅಳಿಸಬಹುದು ಎನ್ನುವ ಸೂತ್ರಧಾರ, ಕುಸಾನಾಗಿಯೊಡನೆ ಬೆರೆತು ಒಂದಾಗಲು ಬಯಸುತ್ತದೆ. ಆಗ ಅದಕ್ಕೆ ಸಾವು ಸಿಗುತ್ತದೆ, ಜಾಲದಲ್ಲಿ ಆಕೆಯ ಮೂಲಕ ಸಂತಾನ ಹರಡುತ್ತದೆ. ಸ್ವರಕ್ಷಣೆಗಷ್ಟೇ ಬರೆದ ಪ್ರೋಗ್ರಾಂ ತನ್ನ ಅಂತ್ಯವನ್ನು ಕೇಳಲಾರದು. ಬೆನ್ನಟ್ಟಿ ಬಂದ 6ನೇ ವಿಭಾಗದಿಂದ ತಪ್ಪಿಸಿಕೊಳ್ಳುವ ಉಪಾಯ ಇದೆಂದು ಅನುಮಾನಿಸುವುದಾದರೆ, ಪ್ರತಿ ಮಾಡಿಕೊಂಡು ಓಡುವುದು ಅದಕ್ಕಿಂತ ಸುಲಭವಾಗಿತ್ತು.

ಈ ದೃಷ್ಟಿಯಿಂದ ಚಿತ್ರದ ಪೂರ್ವಜನನ್ನು ಅಲನ್ ಟ್ಯೂರಿಂಗ್ 1950ರಲ್ಲಿ ಮುಂದಿಟ್ಟ ಪರೀಕ್ಷೆಯಲ್ಲಿ ಹುಡುಕುವುದು ವ್ಯರ್ಥ. ಮನುಷ್ಯನಂತೆ ಮಾತಾಡುವುದು ಇಲ್ಲಿ ಸಮಸ್ಯೆಯೇ ಅಲ್ಲ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕ ಇದಕ್ಕೆ ಹತ್ತಿರದ್ದು: ಅಲ್ಲಿಯೂ ಗೆದ್ದ ರೋಬೋಟ್‌ಗಳನ್ನು ಕಾಡುವುದು ಸಂತಾನವಿಲ್ಲದ ಭಯ.

ಜೀವಶಾಸ್ತ್ರ ಬಲ್ಲವರು ಎತ್ತಬಹುದಾದ ಆಕ್ಷೇಪ ಇನ್ನೂ ಚೂಪಾದದ್ದು. ಪ್ರತಿಯಿಂದ ವೈವಿಧ್ಯ ಬಾರದೆಂಬ ಸೂತ್ರಧಾರನ ಮಾತು ನಿಜವಲ್ಲ. ಬ್ಯಾಕ್ಟೀರಿಯಾ ಸೀಳಿಕೊಂಡೇ ಬೆಳೆಯುತ್ತವೆ, ಪ್ರತಿಯಲ್ಲಿ ನುಸುಳುವ ತಪ್ಪುಗಳಿಂದಲೇ ಬದಲಾಗುತ್ತವೆ. ಕಂಪ್ಯೂಟರ್‌ನಲ್ಲೂ ಇದು ಸಾಧ್ಯವೆಂದು ಚಿತ್ರಕ್ಕಿಂತ ಮೊದಲೇ ಗೊತ್ತಿತ್ತು. ಪರಿಸರ ವಿಜ್ಞಾನಿ ಟಾಮ್ ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ 'ಟಿಯೆರ್ರಾ' ವ್ಯವಸ್ಥೆಯಲ್ಲಿ ತಮ್ಮನ್ನು ತಾವೇ ಪ್ರತಿ ಮಾಡಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು ವಿಕಾಸಗೊಂಡು, ಯಾರೂ ಬರೆಯದ ಪರಾವಲಂಬಿಗಳು ಕೂಡ ಹುಟ್ಟಿಕೊಂಡವು. ಆ ಮಟ್ಟಿಗೆ ಸೂತ್ರಧಾರನ ಜೀವಶಾಸ್ತ್ರ ದುರ್ಬಲ. ಆದರೆ ಅದೇ ಟಿಯೆರ್ರಾದಲ್ಲಿ, ಮೆಮೊರಿ ತುಂಬಿದಾಗ ಹಳೆಯ ಪ್ರೋಗ್ರಾಂಗಳನ್ನು ಅಳಿಸುವ 'ರೀಪರ್' ಎಂಬ ಕಟುಕನನ್ನೂ ರೇ ಇಡಬೇಕಾಯಿತು. ಹಳೆಯದು ಜಾಗ ಬಿಡದಿದ್ದರೆ ಹೊಸದು ಬರುವುದಿಲ್ಲ. ಸಂತಾನಕ್ಕೆ ಬೆರಕೆ ಬೇಕೇಬೇಕು ಎಂಬ, ಚಿತ್ರದ ವಾದದ ಅರ್ಧ ಬೀಳುತ್ತದೆ. ಸಾವು ಬೇಕು ಎಂಬ ಅರ್ಧ ನಿಲ್ಲುತ್ತದೆ, ಮೊದಲಿಗಿಂತ ಗಟ್ಟಿಯಾಗಿಯೇ.

ಚಿತ್ರ ನಿಜಕ್ಕೂ ಎಡವುವುದು ಒಪ್ಪಿಗೆಯ ವಿಷಯದಲ್ಲಿ. ಕಸದ ಲಾರಿಯವನ ಬದುಕನ್ನು ಕೆಡಿಸಿದ್ದು ಇದೇ ಸೂತ್ರಧಾರ. ಆ ಲೆಕ್ಕವನ್ನು ಕೊನೆಯಲ್ಲಿ ಯಾರೂ ಕೇಳುವುದಿಲ್ಲ. ಬೆರೆತ ಮೇಲೂ ನಾನು ನಾನಾಗಿ ಉಳಿಯುತ್ತೇನೆಂಬ ಭರವಸೆ ಏನೆಂದು ಕುಸಾನಾಗಿ ಕೇಳಿದರೆ, ಅಂಥ ಭರವಸೆಯಿಲ್ಲ, ಬದಲಾಗದೆ ಉಳಿಯುವ ಹಟವೇ ನಿನ್ನನ್ನು ಕಟ್ಟಿಹಾಕಿದೆ ಎಂಬ ಧಾಟಿಯ ಉತ್ತರ. ತಲೆಯ ಮೇಲೆ ಗುರಿಕಾರರ ಬಂದೂಕುಗಳಿವೆ, ಆಕೆಯ ದೇಹ ಆಗಲೇ ನುಚ್ಚುನೂರು. ಇದನ್ನು ಮುಕ್ತ ಆಯ್ಕೆ ಎನ್ನುವುದು ಕಷ್ಟ. ಆದರೂ ಇದು ಪರಕಾಯ ಪ್ರವೇಶವಲ್ಲ ಎಂಬುದನ್ನು ಗಮನಿಸಬೇಕು. ಅಂಥ ಕಥೆಗಳಲ್ಲಿ ಹೊಕ್ಕವನು ಹೊಕ್ಕವನಾಗಿಯೇ ಉಳಿದು, ಬೇಕೆಂದಾಗ ಹೊರಬರುತ್ತಾನೆ. ಇಲ್ಲಿ, ಸಹೋದ್ಯೋಗಿ ಬಟೌ ಹುಡುಕಿ ತಂದ ಬಾಲಕಿಯ ದೇಹದಲ್ಲಿ ಎದ್ದು ಕೂರುವವಳು ಕುಸಾನಾಗಿಯೂ ಅಲ್ಲ, ಸೂತ್ರಧಾರನೂ ಅಲ್ಲ. ಬೇಡಿದ ಸಾವು ಅದಕ್ಕೆ ದಕ್ಕಿದೆ. ಅದಕ್ಕೆ ಮುಂಚಿನ ಕಾದಾಟದಲ್ಲಿ ಟ್ಯಾಂಕಿನ ಗುಂಡುಗಳು ಗೋಡೆಯ ಮೇಲಿನ ಜೀವವೃಕ್ಷದ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಸೀಳುತ್ತ ಹೋಗಿ ತುದಿಯಲ್ಲಿರುವ ಮನುಷ್ಯನ ಹೆಸರಿನ ಬಳಿ ನಿಲ್ಲುತ್ತವೆ. ಸಂಕೇತ ಸ್ವಲ್ಪ ಜೋರಾಯಿತು ಎನ್ನಿಸಿದರೆ ತಪ್ಪಿಲ್ಲ.

1996ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ವಿಡಿಯೊ ಮಾರಾಟ ಪಟ್ಟಿಯಲ್ಲಿ ಚಿತ್ರ ಮೊದಲ ಸ್ಥಾನಕ್ಕೇರಿತು. 1999ರ 'ದ ಮೇಟ್ರಿಕ್ಸ್' ಇದಕ್ಕೆ ಋಣಿ. 2004ರಲ್ಲಿ ಒಶಿಯಿಯವರೇ ಮಾಡಿದ ಉತ್ತರಭಾಗ 'ಇನೊಸೆನ್ಸ್' ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೆ ಹೋಯಿತು. ಸ್ಕಾರ್ಲೆಟ್ ಜೊಹಾನ್ಸನ್ ನಟಿಸಿದ 2017ರ ಹಾಲಿವುಡ್ ರೂಪದಲ್ಲಿ ಸೂತ್ರಧಾರನ ಜಾಗಕ್ಕೆ ಅನ್ಯಾಯಕ್ಕೊಳಗಾದ ಒಬ್ಬ ಮನುಷ್ಯ ಬಂದ. ಪ್ರೋಗ್ರಾಂ ಹೋದೊಡನೆ ವಾದವೂ ಹೋಯಿತು. 2008ರ '2.0' ಆವೃತ್ತಿಯಲ್ಲಿ ಒಶಿಯಿ ಕೆಲವು ದೃಶ್ಯಗಳನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಹೊಸದಾಗಿ ಮಾಡಿ, ಸೂತ್ರಧಾರನಿಗೆ ಹೆಣ್ಣುದನಿ ಕೊಟ್ಟರು. ಮೂಲದಲ್ಲಿ ಹೆಣ್ಣುದೇಹದಿಂದ ಇಯೆಮಾಸಾ ಕಾಯುಮಿಯವರ ಗಂಡುದನಿ ಹೊರಡುವಾಗ, ಈ ದೇಹಕ್ಕೂ ಮಾತಾಡುತ್ತಿರುವುದಕ್ಕೂ ನಂಟಿಲ್ಲವೆಂಬುದು ಕಿವಿಗೇ ತಿಳಿಯುತ್ತಿತ್ತು. ಮೊದಲ ಸಲ ನೋಡುವವರು 1995ರ ಆವೃತ್ತಿಯನ್ನೇ ಆರಿಸಿಕೊಳ್ಳುವುದು ಲೇಸು.