ಹಲ್ಲಿನ ಕಲೆಯೂ ಊರಿನ ನೀರೂ

ನಮ್ಮ ಕವಿಗಳು ದಂತಪಂಕ್ತಿಯನ್ನು ಮುತ್ತಿಗೂ ದಾಳಿಂಬೆಯ ಬೀಜಕ್ಕೂ ಹೋಲಿಸಿ ದಣಿದವರು. ಆ ಮುತ್ತು ಕಂದುಬಣ್ಣಕ್ಕೆ ತಿರುಗಿದರೆ ಕಾರಣವೇನೆಂದು ಕೇಳುವ ಕೆಲಸವನ್ನು ಮಾತ್ರ ಅವರು ವೈದ್ಯರಿಗೆ ಬಿಟ್ಟರು. ಉತ್ತರ ದೊರಕಲು ವೈದ್ಯರಿಗೂ ಮೂವತ್ತು ವರ್ಷ ಹಿಡಿಯಿತು.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕೆಯ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ವೃತ್ತಿಯನ್ನಾರಂಭಿಸಿದನು. ಅಲ್ಲಿಯೇ ಹುಟ್ಟಿ ಬೆಳೆದವರಲ್ಲಿ ಅನೇಕರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದುವು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹಂದಿಮಾಂಸ ಹೆಚ್ಚಾಯಿತೆಂದು ಕೆಲವರು, ಹಾಲು ಸರಿಯಿಲ್ಲವೆಂದು ಕೆಲವರು ಕಾರಣ ಹೇಳುತ್ತಿದ್ದರು. 1909ರಲ್ಲಿ ಆ ಕಾಲದ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಬಂದು ಮೆಕೇಯೊಡನೆ ಸೇರಿದನು. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಎಳೆವಯಸ್ಸಿನಲ್ಲಿಯೇ ಈ ಕಲೆ ಮೂಡುತ್ತದೆ, ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ತಟ್ಟುವುದಿಲ್ಲ ಎಂಬುದನ್ನು ಅವರು ಕಂಡರು. ಅದಕ್ಕಿಂತಲೂ ಆಶ್ಚರ್ಯವೆಂದರೆ, ನೋಡಲು ವಿಕಾರವಾದ ಆ ಹಲ್ಲುಗಳಿಗೆ ಹುಳುಕು ಹಿಡಿಯುವುದೇ ಅಪರೂಪವಾಗಿತ್ತು.

ಬ್ಲ್ಯಾಕ್ 1915ರಲ್ಲಿ ತೀರಿಕೊಂಡನು. ಮೆಕೇ ಬಿಡಲಿಲ್ಲ. 1923ರಲ್ಲಿ ಐಡಾಹೋ ಸಂಸ್ಥಾನದ ಓಕ್ಲಿ ಊರಿಗೆ ಹೋದಾಗ, ಐದು ಮೈಲಿ ದೂರದ ಬೆಚ್ಚನೆಯ ಚಿಲುಮೆಯೊಂದರಿಂದ ಕೊಳವೆಯಲ್ಲಿ ನೀರು ತಂದ ಮೇಲೆ ಮಕ್ಕಳ ಹಲ್ಲು ಕಲೆಗಟ್ಟಿತೆಂದು ತಾಯ್ತಂದೆಯರು ಹೇಳಿದರು. ನೀರನ್ನು ಪರೀಕ್ಷಿಸಿದರೆ ದೋಷವೇ ಕಾಣಲಿಲ್ಲ. ಆದರೂ ಆ ನೀರನ್ನು ಬಿಡಿರೆಂದು ಆತನು ಸಲಹೆ ಮಾಡಿದನು. ಊರವರು ಕೇಳಿದರು. ಕೆಲವೇ ವರ್ಷಗಳಲ್ಲಿ ಮಕ್ಕಳಿಗೆ ನಿಷ್ಕಳಂಕವಾದ ಹೊಸ ಹಲ್ಲುಗಳು ಬಂದುವು. ಪ್ರಯೋಗಶಾಲೆ ಹೇಳದಿದ್ದುದನ್ನು ತಾಯಂದಿರು ಹೇಳಿದ್ದರೆಂಬುದನ್ನು ಗಮನಿಸಬೇಕು.

ಗುಟ್ಟು ಬಯಲಾದುದು 1931ರಲ್ಲಿ. ಅರ್ಕನ್ಸಾಸ್ ಸಂಸ್ಥಾನದ ಬಾಕ್ಸೈಟ್ ಊರು ಅಲ್ಯುಮಿನಿಯಂ ಕಂಪನಿಯೊಂದಕ್ಕೆ ಸೇರಿದ್ದು. ಅಲ್ಲಿಯೂ ಇದೇ ಕಲೆ. ಅಲ್ಯುಮಿನಿಯಂ ಪಾತ್ರೆ ವಿಷವೆಂಬ ಪುಕಾರು ಆಗಲೇ ಎದ್ದಿದ್ದುದರಿಂದ, ಈ ಕಲೆಯೂ ತಮ್ಮ ತಲೆಗೆ ಬಂದೀತೆಂಬ ಅಂಜಿಕೆ ಕಂಪನಿಯ ಮುಖ್ಯ ರಸಾಯನವಿಜ್ಞಾನಿ ಚರ್ಚಿಲ್‌ಗೆ. ವಿಜ್ಞಾನಕ್ಕೆ ಅಂಜಿಕೆಯೂ ಒಮ್ಮೊಮ್ಮೆ ಉಪಕಾರ ಮಾಡುವುದುಂಟು! ಆತನು ಆ ನೀರನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಯಾರೂ ಎಣಿಸದಿದ್ದ ಫ್ಲೋರೈಡ್ ಕಂಡುಬಂದಿತು.

ಎಷ್ಟಿದ್ದರೆ ಕಲೆ, ಎಷ್ಟಿದ್ದರೆ ರಕ್ಷೆ ಎಂಬುದನ್ನು ಅಳೆದವನು ಟ್ರೆಂಡ್ಲಿ ಡೀನ್. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹುಳುಕು ತಗ್ಗುತ್ತದೆ, ಕಲೆಯೂ ಎದ್ದು ಕಾಣುವುದಿಲ್ಲ ಎಂದು ಅವನು ತೋರಿಸಿದನು. 1945ರ ಜನವರಿ 25ರಂದು ಮಿಚಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರವು ತನ್ನ ನೀರಿಗೆ ಫ್ಲೋರೈಡನ್ನು ಬೆರೆಸಲಾರಂಭಿಸಿತು. ಅನಂತರ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡ 60ಕ್ಕಿಂತ ಹೆಚ್ಚು ತಗ್ಗಿತು. ಟೂತ್‌ಪೇಸ್ಟಿನಲ್ಲಿಯೇ ಫ್ಲೋರೈಡ್ ಬಂದ ಮೇಲೆ ನೀರಿನ ಲಾಭ ಅಷ್ಟಿಲ್ಲವೆಂಬ ವಾದ ಬೆಳೆದು, 2025ರಲ್ಲಿ ಯೂಟಾ ಸಂಸ್ಥಾನವು ಬೆರೆಸುವುದನ್ನೇ ನಿಷೇಧಿಸಿತು.

ನಮ್ಮಲ್ಲಿ ಬೆರೆಸುವ ಪ್ರಶ್ನೆಯಲ್ಲ, ತೆಗೆಯುವ ಪ್ರಶ್ನೆ. 1937ರಲ್ಲಿಯೇ ನೆಲ್ಲೂರು ಸೀಮೆಯಲ್ಲಿ ಹಲ್ಲನ್ನಷ್ಟೇ ಅಲ್ಲದೆ ಎಲುಬನ್ನೂ ಬಿಗಿಯಿಸಿ ಜನರನ್ನು ನಡೆಯದಂತೆ ಮಾಡುವ ಫ್ಲೋರೈಡ್ ರೋಗವನ್ನು ವೈದ್ಯರು ವರ್ಣಿಸಿದ್ದರು. ಕರ್ನಾಟಕದ ಪಾವಗಡ, ಬಾಗೇಪಲ್ಲಿ, ಮುಂಡರಗಿಗಳ ಕಡೆಯ ಕಲ್ಲುನೆಲದ ಕೊಳವೆಬಾವಿಗಳಲ್ಲಿಯೂ ಈ ಅಂಶವುಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಬಾಯಾರಿದವನಿಗೆ ನಿಯಮದ ನೀರೇ ಸಿಗಬೇಕಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಪಾವಗಡದ ಕಡೆಯ ಹುಡುಗನೊಬ್ಬನಿದ್ದನು. ಹಳಗನ್ನಡವನ್ನು ಸೊಗಸಾಗಿ ಓದುವನು. ಆದರೆ ಬಾಯಿಗೆ ಕೈ ಅಡ್ಡವಿಟ್ಟುಕೊಂಡು. ಹಲ್ಲು ಕಂದಾಗಿದ್ದುದನ್ನು ಕಂಡು, “ಹೊಗೆಸೊಪ್ಪು ಬಿಡಪ್ಪಾ” ಎಂದು ಎಲ್ಲರೆದುರಿಗೆ ಅಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ಗಂಟೆ ಬಾರಿಸಿದ ಮೇಲೆ ಅವನ ಗೆಳೆಯನು ನನ್ನ ಬಳಿ ಬಂದು, “ಅವರೂರಿನಲ್ಲಿ ಎಲ್ಲರದೂ ಹಾಗೇ, ಸಾರ್. ಬೋರ್‌ವೆಲ್ ನೀರು” ಎಂದನು. ಮೆಕೇಯ ಕಥೆಯನ್ನು ನಾನು ಹುಡುಕಿ ಓದಿದ್ದು ಆಮೇಲೆ.