ಅಮೆರಿಕದ ಕಡಲ ತೈಲ ಗುತ್ತಿಗೆ: ಪರಿಸರ ಪರಿಶೀಲನೆಯ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಮುದ್ರತಳವನ್ನು ತೈಲ ಮತ್ತು ಅನಿಲಕ್ಕಾಗಿ ಕಂಪನಿಗಳಿಗೆ ಗುತ್ತಿಗೆ ಕೊಡುವ ಮುನ್ನ, ಅದರಿಂದ ಕಡಲಿಗೂ ಕರಾವಳಿಗೂ ಆಗಬಹುದಾದ ಹಾನಿಯನ್ನು ಕೇಂದ್ರ ಸರ್ಕಾರ ಅಂದಾಜು ಮಾಡಿ ಸಾರ್ವಜನಿಕರ ಮುಂದಿಡುವ ಕ್ರಮವಿದೆ. ಇದು 1970ರಲ್ಲಿ ಶುರುವಾಯಿತು. ಅಂದಿನಿಂದ ಇಂದಿನವರೆಗೆ ಇಲಾಖೆ, ನ್ಯಾಯಾಲಯ, ಸಂಸತ್ತುಗಳ ನಡುವೆ ನಡೆದ ಜಗ್ಗಾಟವೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಗೆ ಸಂಬಂಧಿಸಿದ್ದು: ಹಾನಿಯ ಲೆಕ್ಕ ಹಾಕಬೇಕಾದದ್ದು ಯಾವಾಗ? ಹಕ್ಕು ಮಾರುವಾಗಲೋ, ಬಾವಿ ಕೊರೆಯುವಾಗಲೋ?

ಕ್ಯಾಲಿಫೋರ್ನಿಯದ ಸಮ್ಮರ್‌ಲ್ಯಾಂಡ್‌ನಲ್ಲಿ 19ನೆಯ ಶತಮಾನದ ಕೊನೆಯ ವರ್ಷಗಳಲ್ಲೇ ಕಡಲೊಳಕ್ಕೆ ಕಟ್ಟಿದ ಮರದ ಅಟ್ಟಗಳ ಮೇಲಿಂದ ತೈಲ ತೆಗೆಯುತ್ತಿದ್ದರು. ಆಗ ಸಮುದ್ರತಳ ಯಾರದೆಂದು ಕೇಳಿದವರಿಲ್ಲ. 1945ರಲ್ಲಿ ಅಧ್ಯಕ್ಷ ಟ್ರೂಮನ್ ಖಂಡಾವರಣ ಪ್ರದೇಶದ ಸಂಪತ್ತು ಅಮೆರಿಕದ್ದೆಂದು ಘೋಷಿಸಿದಾಗ ರಾಜ್ಯಗಳಿಗೂ ಕೇಂದ್ರಕ್ಕೂ ವ್ಯಾಜ್ಯ ಬೆಳೆಯಿತು. 1953ರ ಎರಡು ಕಾನೂನುಗಳು ಅದನ್ನು ಬಗೆಹರಿಸಿದವು. ದಡದಿಂದ ಮೂರು ನಾವಿಕ ಮೈಲಿವರೆಗೆ ರಾಜ್ಯಗಳಿಗೆ (ಟೆಕ್ಸಸ್‌ಗೂ ಫ್ಲಾರಿಡಾದ ಕೊಲ್ಲಿ ತೀರಕ್ಕೂ ಇನ್ನಷ್ಟು ಹೆಚ್ಚು), ಅದರಾಚೆಯದು ಕೇಂದ್ರಕ್ಕೆ. ಕೇಂದ್ರದ ಪಾಲನ್ನು ಹರಾಜು ಹಾಕುವ ಅಧಿಕಾರ ಇಂಟೀರಿಯರ್ ಇಲಾಖೆಗೆ ಬಂತು. ಸರ್ಕಾರಿ ಭೂಮಿ, ರಾಷ್ಟ್ರೀಯ ಉದ್ಯಾನ, ಖನಿಜಗಳನ್ನು ನೋಡಿಕೊಳ್ಳುವ ಇಲಾಖೆ ಇದು. ತೈಲ ಬೇಗ ಹೊರಬರಬೇಕು, ಬೊಕ್ಕಸ ತುಂಬಬೇಕು ಎಂಬುದೇ ಆ ಕಾಲದ ಆಡಳಿತದ ಧೋರಣೆ. ಮೀನು, ಹಕ್ಕಿ, ಮರಳುದಂಡೆಗಳ ಮಾತು ಕಡತಕ್ಕೆ ಬರುವುದು ಅಪರೂಪವಾಗಿತ್ತು.

1968ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾ ಜಲಸಂಧಿಯ ಗುತ್ತಿಗೆಗಳು ಸುಮಾರು 60 ಕೋಟಿ ಡಾಲರ್‌ಗೆ ಹೋದವು. ಮರುವರ್ಷ ಜನವರಿ 28ರಂದು ಯೂನಿಯನ್ ಆಯಿಲ್ ಕಂಪನಿಯ ‘ಪ್ಲಾಟ್‌ಫಾರ್ಮ್ ಎ’ ಅಡಿಯ ಬಾವಿ ಸಿಡಿಯಿತು. ಬಾವಿಯ ಗೋಡೆಗೆ ಇಳಿಸಬೇಕಾದ ಉಕ್ಕಿನ ಕೊಳವೆ ನಿಯಮಕ್ಕಿಂತ ಗಿಡ್ಡವಾಗಿರಲು ಫೆಡರಲ್ ಭೂವಿಜ್ಞಾನ ಸರ್ವೇಕ್ಷಣೆಯೇ ವಿನಾಯಿತಿ ಕೊಟ್ಟಿತ್ತು. ಬಾಯಿ ಮುಚ್ಚಿದರೂ ತೈಲ ಸಮುದ್ರತಳದ ಬಿರುಕುಗಳಿಂದ ಉಕ್ಕುತ್ತಲೇ ಹೋಯಿತು. ಸೋರಿದ್ದು 80,000ದಿಂದ 1,00,000 ಬ್ಯಾರೆಲ್ ಎಂದು ಅಂದಾಜು. ಎಣ್ಣೆ ಮೆತ್ತಿಕೊಂಡ ಹಕ್ಕಿಗಳ ಚಿತ್ರಗಳು ದೇಶದ ಮನೆಮನೆಯ ಟಿವಿಗೆ ಬಂದವು.

ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ ಈ ಸೋರಿಕೆಯೊಂದರಿಂದಲೇ ಹುಟ್ಟಿತೆನ್ನುವುದು ಪೂರ್ತಿ ನಿಜವಲ್ಲ. ಸೆನೆಟರ್ ಹೆನ್ರಿ ಜ್ಯಾಕ್ಸನ್ ಅದಕ್ಕೂ ಮೊದಲಿನಿಂದ ಆ ಕೆಲಸದಲ್ಲಿದ್ದರು. ಕಾಯ್ದೆಗೆ ಹಲ್ಲು ಬರಬೇಕಾದರೆ ಬರಿಯ ಘೋಷಣೆ ಸಾಲದು, ಪ್ರತಿ ಇಲಾಖೆಯೂ ತನ್ನ ಯೋಜನೆಯ ಪರಿಣಾಮವನ್ನು ಬರೆದೊಪ್ಪಿಸುವಂತಾಗಬೇಕು ಎಂದು ಅವರ ಸಮಿತಿಗೆ ಸೂಚಿಸಿದವರು ಲಿಂಟನ್ ಕಾಲ್ಡ್‌ವೆಲ್ ಎಂಬ ರಾಜ್ಯಶಾಸ್ತ್ರಜ್ಞ. 1970ರ ಜನವರಿ 1ರಂದು ನಿಕ್ಸನ್ ಸಹಿ ಹಾಕಿದ ಕಾಯ್ದೆಯಲ್ಲಿ ಆ ಸೂಚನೆ ‘ವಿವರವಾದ ಹೇಳಿಕೆ’ಯ ರೂಪದಲ್ಲಿ ಸೇರಿತು. ಪರಿಸರ ಪರಿಣಾಮ ವರದಿಯ ಮೂಲ ಇದೇ. ಗಮನಿಸಬೇಕಾದದ್ದು, ಹಾನಿ ಮಾಡಬಾರದೆಂದು ಈ ಕಾಯ್ದೆ ಎಲ್ಲೂ ಹೇಳುವುದಿಲ್ಲ. ತಿಳಿದು ಮಾಡಿ ಎನ್ನುತ್ತದೆ, ಅಷ್ಟೆ.

ಕಡಲ ಗುತ್ತಿಗೆಗೆ ಕಾಯ್ದೆಯ ಬಿಸಿ ಬಹುಬೇಗ ತಾಗಿತು. ಲೂಸಿಯಾನ ತೀರದಾಚೆ ಸುಮಾರು 3.8 ಲಕ್ಷ ಎಕರೆಯ ಹರಾಜು 1971ರ ಡಿಸೆಂಬರ್‌ಗೆ ಗೊತ್ತಾಗಿತ್ತು. ಪರಿಸರ ಸಂಘಟನೆಗಳು ದಾವೆ ಹೂಡಿದವು. ಹರಾಜಿಗೆ ತಡೆ ಬಿತ್ತು. ವಿದೇಶಿ ತೈಲದ ಆಮದು ಮಿತಿಯನ್ನು ಸಡಿಲಿಸಿದರೆ ಈ ಗುತ್ತಿಗೆಯ ಅಗತ್ಯವೇ ಇರದಲ್ಲ ಎಂಬುದು ಅವರ ವಾದ. ಆಮದು ನಮ್ಮ ಇಲಾಖೆಯ ಕೈಯಲ್ಲಿಲ್ಲ, ಆದ್ದರಿಂದ ಅದನ್ನು ಚರ್ಚಿಸಲಿಲ್ಲ ಎಂದಿತು ಇಂಟೀರಿಯರ್. 1972ರ ಜನವರಿಯಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಈ ಉತ್ತರವನ್ನು ಒಪ್ಪಲಿಲ್ಲ. ವರದಿ ಓದುವುದು ಒಂದು ಇಲಾಖೆ ಮಾತ್ರವಲ್ಲ, ಅಧ್ಯಕ್ಷರೂ ಸಂಸತ್ತೂ ಓದುತ್ತಾರೆ. ಪರ್ಯಾಯ ಇನ್ನೊಬ್ಬರ ಅಧಿಕಾರದಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಬಿಡಲಾಗದು, ಆದರೆ ಬರಿಯ ಊಹೆಯ ಪರ್ಯಾಯಗಳನ್ನೆಲ್ಲ ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ ಎಂಬುದು ತೀರ್ಪಿನ ಸಾರ. ಎನ್‌ಆರ್‌ಡಿಸಿ ವಿರುದ್ಧ ಮಾರ್ಟನ್ (ಮೊದಲನೆಯದು ದಾವೆ ಹೂಡಿದ ಸಂಘಟನೆ, ಎರಡನೆಯವರು ಆಗಿನ ಇಂಟೀರಿಯರ್ ಕಾರ್ಯದರ್ಶಿ) ಎಂಬ ಈ ಪ್ರಕರಣವನ್ನು ವಕೀಲರು ಇಂದಿಗೂ ಉದ್ಧರಿಸುತ್ತಾರೆ.

1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ ಗುತ್ತಿಗೆಯ ವೇಗ ಹೆಚ್ಚಿತು. ಕರಾವಳಿ ರಾಜ್ಯಗಳು ತಮ್ಮನ್ನು ಕೇಳುವವರಿಲ್ಲವೆಂದು ಗೊಣಗಿದವು. 1978ರಲ್ಲಿ ಸಂಸತ್ತು 1953ರ ಕಾನೂನನ್ನು ಬುಡಮಟ್ಟ ತಿದ್ದಿ ಕೆಲಸವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು: ಐದು ವರ್ಷದ ಕಾರ್ಯಕ್ರಮ, ಹರಾಜು, ಶೋಧನೆ, ಉತ್ಪಾದನೆ. ಪ್ರತಿ ಹಂತಕ್ಕೂ ಅದರದೇ ಪರಿಶೀಲನೆ. ಕಾಗದದ ಮೇಲೆ ಇದು ಸೊಗಸಾಗಿತ್ತು. ವಾಸ್ತವದಲ್ಲಿ ಪ್ರತಿ ಹಂತವೂ ಕಷ್ಟದ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಲು ಅನುವಾಯಿತು. ಕಾರ್ಯಕ್ರಮದ ಹಂತದಲ್ಲಿ ‘ಬಾವಿ ಎಲ್ಲಿ ಬರುತ್ತದೋ ಗೊತ್ತಿಲ್ಲ, ಹರಾಜಿನ ಹೊತ್ತಿಗೆ ನೋಡೋಣ’; ಹರಾಜಿನಲ್ಲಿ ‘ಕೊರೆಯುವಾಗ ನೋಡೋಣ’; ಕೊರೆಯುವಾಗ ‘ಇದನ್ನೆಲ್ಲ ಹಿಂದೆಯೇ ನೋಡಿದ್ದೇವೆ’. ನ್ಯಾಯಾಲಯಗಳೂ ಈ ತರ್ಕಕ್ಕೆ ಹಲವು ಬಾರಿ ಒತ್ತಾಸೆಯಾದವು. ಹರಾಜು ಮಾತ್ರಕ್ಕೆ ಕರಾವಳಿಯ ಮೇಲೆ ನೇರ ಪರಿಣಾಮವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯದ ವಿರುದ್ಧ 5-4ರ ತೀರ್ಪು ಕೊಟ್ಟಿತು; ಸಂಸತ್ತು 1990ರಲ್ಲಿ ಕಾನೂನು ತಿದ್ದಿ ಅದನ್ನು ಅಳಿಸಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು, ಗುತ್ತಿಗೆಯೇ ಆಗಿಲ್ಲದಿರುವಾಗ ಐದು ವರ್ಷದ ಕಾರ್ಯಕ್ರಮದ ಮೇಲೆ ಪರಿಸರ ನೀತಿ ಕಾಯ್ದೆಯ ದೂರು ಇನ್ನೂ ಪಕ್ವವಾಗಿಲ್ಲ ಎಂದಿತು.

  

ಈ ನಡುವೆ ರೇಗನ್ ಕಾಲದ ಇಂಟೀರಿಯರ್ ಕಾರ್ಯದರ್ಶಿ ಜೇಮ್ಸ್ ವಾಟ್ ಸುಮಾರು 100 ಕೋಟಿ ಎಕರೆ ಕಡಲನ್ನು ಐದು ವರ್ಷದಲ್ಲಿ ಹರಾಜಿಗಿಡಲು ಹೊರಟರು. ಆರಿಸಿದ ತುಂಡುಗಳ ಬದಲು ಇಡೀ ವಲಯವನ್ನೇ ಒಮ್ಮೆಗೇ ಮುಂದಿಡುವ ಪದ್ಧತಿ 1983ರಲ್ಲಿ ಬಂತು. ಕೋಟ್ಯಂತರ ಎಕರೆಗೆ ಒಂದೇ ವರದಿ ಬರೆದರೆ ಅದು ಯಾವ ಕೊಲ್ಲಿಯ, ಯಾವ ಹವಳದ ದಿಬ್ಬದ ಬಗ್ಗೆಯೂ ನಿರ್ದಿಷ್ಟವಾಗಿ ಏನನ್ನೂ ಹೇಳಲಾರದು. ಇದರ ಪ್ರತಿಕ್ರಿಯೆ ನ್ಯಾಯಾಲಯಕ್ಕಿಂತ ಸಂಸತ್ತಿನಿಂದ ಬಲವಾಗಿ ಬಂತು: 1982ನೇ ಹಣಕಾಸು ವರ್ಷದಿಂದ 2008ರವರೆಗೆ ಬಜೆಟ್ ಮಸೂದೆಗಳ ಮೂಲಕವೇ ಮೊದಲು ಕ್ಯಾಲಿಫೋರ್ನಿಯ, ಆಮೇಲೆ ಎರಡೂ ಸಾಗರತೀರಗಳ ಬಹುಭಾಗದಲ್ಲಿ ಗುತ್ತಿಗೆ ನಿಂತಿತು. ಆ ತೀರಗಳನ್ನು ಕಾಲು ಶತಮಾನ ಕಾಪಾಡಿದ್ದು ಪರಿಣಾಮ ವರದಿಗಳಲ್ಲ, ಈ ನಿಷೇಧ. ಮೆಕ್ಸಿಕೊ ಕೊಲ್ಲಿಯ ಮಧ್ಯ ಮತ್ತು ಪಶ್ಚಿಮ ಭಾಗಗಳಿಗೆ ಇಂಥ ನಿಷೇಧವಿರಲಿಲ್ಲ.

ಆ ಕೊಲ್ಲಿಯಲ್ಲೇ ಹಂತಗಳ ಆಟ ಬಯಲಾಯಿತು. 2008ರ ಮಾರ್ಚ್‌ನ 206ನೇ ಹರಾಜಿನಲ್ಲಿ ಬಿಪಿ ಕಂಪನಿ ಸುಮಾರು 3.4 ಕೋಟಿ ಡಾಲರ್‌ಗೆ ಮಿಸಿಸಿಪಿ ಕ್ಯಾನ್ಯನ್ 252ನೇ ಬ್ಲಾಕನ್ನು ಕೊಂಡಿತು. ಅಷ್ಟರಲ್ಲಿ ಪರಿಶೀಲನೆ ಎಷ್ಟಾಗಿತ್ತು? 2007ರ ಏಪ್ರಿಲ್‌ನಲ್ಲಿ ಐದು ವರ್ಷದ ಕಾರ್ಯಕ್ರಮಕ್ಕೊಂದು ಬೃಹತ್ ವರದಿ, ಕೊಲ್ಲಿಯ ಹಲವು ಹರಾಜುಗಳಿಗೆ ಸೇರಿಸಿ ಇನ್ನೊಂದು, ಅಕ್ಟೋಬರ್‌ನಲ್ಲಿ ಈ ಹರಾಜಿಗೊಂದು ಕಿರು ಪರಿಶೀಲನೆ. ಅವು ಎಣಿಸಿದ್ದ ಸೋರಿಕೆ ಕೆಲವೇ ಸಾವಿರ ಬ್ಯಾರೆಲ್. 2009ರ ಏಪ್ರಿಲ್ 6ರಂದು, ಬಾವಿಯ ಶೋಧನಾ ಯೋಜನೆಯನ್ನು ಒಪ್ಪುವಾಗ, ಖನಿಜ ನಿರ್ವಹಣಾ ಸೇವೆ ಎಂಬ ಸಂಸ್ಥೆ ಅದಕ್ಕೆ ವರ್ಗಾಧಾರಿತ ವಿನಾಯಿತಿ ಕೊಟ್ಟಿತು: ಪ್ರತ್ಯೇಕ ಪರಿಶೀಲನೆ ಬೇಡ. ಯೋಜನೆಯನ್ನು 30 ದಿನದೊಳಗೆ ಇತ್ಯರ್ಥ ಮಾಡಬೇಕೆಂಬ ಕಾನೂನಿನ ಗಡುವು ಈ ರೂಢಿಗೆ ಒಂದು ಕಾರಣ. ಕೊಲ್ಲಿಗಾಗಿ ಬಿಪಿ ಸಲ್ಲಿಸಿದ್ದ ಸೋರಿಕೆ ತಡೆ ಯೋಜನೆಯಲ್ಲಿ ವಾಲ್ರಸ್‌ಗಳ ರಕ್ಷಣೆಯ ಪ್ರಸ್ತಾಪವಿತ್ತು. ಆ ಪ್ರಾಣಿ ಇರುವುದು ಉತ್ತರ ಧ್ರುವದ ಕಡೆ! ಬರೆದವರಾಗಲಿ, ಮುದ್ರೆ ಒತ್ತಿದವರಾಗಲಿ ಓದಿರಲಿಲ್ಲವೆನ್ನಲು ಬೇರೆ ಸಾಕ್ಷಿ ಬೇಕಿಲ್ಲ.

2010ರ ಏಪ್ರಿಲ್ 20ರಂದು ಆ ಬಾವಿ ಕೊರೆಯುತ್ತಿದ್ದ ತೇಲು ಅಟ್ಟ ಡೀಪ್‌ವಾಟರ್ ಹೊರೈಜನ್ ಸ್ಫೋಟಿಸಿ 11 ಕೆಲಸಗಾರರು ಸತ್ತರು. ಬಾವಿ 87 ದಿನ ಉಗುಳಿತು: ಸರ್ಕಾರದ ಅಂದಾಜಿನಲ್ಲಿ 49 ಲಕ್ಷ ಬ್ಯಾರೆಲ್, ನಂತರ ನ್ಯಾಯಾಲಯ ದಂಡಕ್ಕಾಗಿ ಎಣಿಸಿದ್ದು 31.9 ಲಕ್ಷ. ಗುತ್ತಿಗೆ ಹಣ ವಸೂಲಿ, ಪರಿಶೀಲನೆ, ಸುರಕ್ಷತೆ ಮೂರನ್ನೂ ಒಂದೇ ಸೂರಿನಡಿ ನಡೆಸುತ್ತಿದ್ದ ಖನಿಜ ನಿರ್ವಹಣಾ ಸೇವೆಯನ್ನು ಒಡೆದು 2011ರ ಅಕ್ಟೋಬರ್‌ನಲ್ಲಿ ಗುತ್ತಿಗೆ ಮತ್ತು ಪರಿಶೀಲನೆಗೆ ‘ಬೋಯೆಮ್’, ಸುರಕ್ಷತೆಗೆ ಇನ್ನೊಂದು ಸಂಸ್ಥೆ ಮಾಡಿದರು. ಮಾರುವವನೂ ಹಾನಿ ಅಳೆಯುವವನೂ ಒಬ್ಬನೇ ಎಂಬ ದೋಷ ಮಾತ್ರ ಇದರಿಂದ ಪೂರ್ತಿ ಹೋಗಲಿಲ್ಲ.

ಅಲಾಸ್ಕಾದ ಚುಕ್ಚಿ ಸಮುದ್ರದಲ್ಲಿ ವಾದ ಬೇರೆ ತಿರುವು ಪಡೆಯಿತು. 2008ರ 193ನೇ ಹರಾಜು 266 ಕೋಟಿ ಡಾಲರ್ ತಂದಿತ್ತು. ವರದಿಯ ಲೆಕ್ಕವೆಲ್ಲ 100 ಕೋಟಿ ಬ್ಯಾರೆಲ್ ಉತ್ಪಾದನೆಯ ಊಹೆಯ ಮೇಲೆ ನಿಂತಿತ್ತು. ತಿಮಿಂಗಿಲ ಬೇಟೆಯಿಂದ ಬದುಕುವ ಪಾಯಿಂಟ್ ಹೋಪ್ ಗ್ರಾಮದ ಮೂಲನಿವಾಸಿಗಳು ಹೂಡಿದ ದಾವೆಯಲ್ಲಿ, ಆ ಸಂಖ್ಯೆಗೆ ಆಧಾರವಿಲ್ಲವೆಂದು 2014ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಹೇಳಿತು. ಪುನಃ ಲೆಕ್ಕ ಹಾಕಿದಾಗ ಉತ್ಪಾದನೆ 430 ಕೋಟಿಗೆ ಏರಿತು, ದೊಡ್ಡ ಸೋರಿಕೆಯೊಂದಾದರೂ ಆಗುವ ಸಂಭವ ಶೇಕಡ 75 ಎಂದು ವರದಿಯೇ ಬರೆಯಿತು. ಆದರೂ ಗುತ್ತಿಗೆಗಳನ್ನು ಎತ್ತಿಹಿಡಿಯಲಾಯಿತು. ಕೊನೆಗೆ ಶೆಲ್ ಕಂಪನಿ 2015ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಹಿಂದೆ ಸರಿದದ್ದು ಮುಖ್ಯವಾಗಿ ಬಾವಿಯಲ್ಲಿ ಸಾಕಷ್ಟು ತೈಲ ಸಿಗಲಿಲ್ಲವೆಂಬ ಕಾರಣಕ್ಕೆ.

ಮುಂದಿನ ಜಗಳ ಹವಾಮಾನದ್ದು. ಗುತ್ತಿಗೆ ಕೊಡದಿದ್ದರೆ ವಿದೇಶಿ ತೈಲ ಬರುತ್ತದೆ, ಅದರ ಹೊಗೆ ಇನ್ನೂ ಹೆಚ್ಚು ಎಂದು ಬೋಯೆಮ್‌ನ ಮಾರುಕಟ್ಟೆ ಮಾದರಿ ಹೇಳುತ್ತಿತ್ತು. ಪೂರೈಕೆ ಕಡಿಮೆಯಾಗಿ ಬೆಲೆ ಏರಿದರೆ ಹೊರದೇಶಗಳಲ್ಲಿ ಬಳಕೆಯೂ ಇಳಿಯುತ್ತದೆ ಎಂಬುದನ್ನು ಆ ಮಾದರಿ ಬಿಟ್ಟಿತ್ತು. 2021ರ ನವೆಂಬರ್‌ನಲ್ಲಿ ಮೆಕ್ಸಿಕೊ ಕೊಲ್ಲಿಯ 8 ಕೋಟಿ ಎಕರೆ ಮುಂದಿಟ್ಟ 257ನೇ ಹರಾಜನ್ನು ಇದೇ ಲೋಪಕ್ಕಾಗಿ ನ್ಯಾಯಾಧೀಶ ರುಡಾಲ್ಫ್ ಕಾಂಟ್ರೆರಾಸ್ 2022ರ ಜನವರಿಯಲ್ಲಿ ರದ್ದು ಮಾಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಹವಾಮಾನ ಕಾನೂನೆಂದೇ ಹೆಸರಾದ ಹಣದುಬ್ಬರ ಇಳಿಕೆ ಕಾಯ್ದೆ ಆ ಗುತ್ತಿಗೆಗಳಿಗೆ ಮರುಜೀವ ಕೊಟ್ಟಿತು. ಸೆನೆಟರ್ ಜೋ ಮ್ಯಾಂಚಿನ್‌ರ ಮತಕ್ಕೆ ತೆತ್ತ ಬೆಲೆಯ ಒಂದು ಭಾಗವಿದು. ಕಡಲ ಗಾಳಿವಿದ್ಯುತ್ತಿಗೆ ಗುತ್ತಿಗೆ ಕೊಡಬೇಕಾದರೆ ಹಿಂದಿನ ಒಂದು ವರ್ಷದಲ್ಲಿ 6 ಕೋಟಿ ಎಕರೆಯನ್ನು ತೈಲಕ್ಕೆ ಮುಂದಿಟ್ಟಿರಬೇಕು ಎಂಬ ವಿಚಿತ್ರ ಕಟ್ಟೂ ಅದರಲ್ಲಿತ್ತು. ಕೊಲ್ಲಿಯಲ್ಲಿ ಸುಮಾರು 50 ಮಾತ್ರ ಉಳಿದಿರುವ ರೈಸ್ ತಿಮಿಂಗಿಲಕ್ಕಾಗಿ 2023ರಲ್ಲಿ ಬೋಯೆಮ್ 60 ಲಕ್ಷ ಎಕರೆಯನ್ನು 261ನೇ ಹರಾಜಿನಿಂದ ತೆಗೆದಾಗ, ನ್ಯಾಯಾಲಯ ಅದನ್ನು ಮರಳಿ ಸೇರಿಸಲು ಆದೇಶಿಸಿತು.

ಅದೇ 2023ರಲ್ಲಿ ಪರಿಣಾಮ ವರದಿಗೆ 150 ಪುಟ (ಅತಿ ಜಟಿಲವಾದುದಕ್ಕೆ 300), ಎರಡು ವರ್ಷ ಎಂಬ ಮಿತಿ ಕಾನೂನಾಯಿತು. 2025ರ ಮೇ ತಿಂಗಳಲ್ಲಿ ಯೂಟಾದ ರೈಲುಮಾರ್ಗವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ವರದಿಗಳ ವಿಷಯದಲ್ಲಿ ನ್ಯಾಯಾಧೀಶರು ಇಲಾಖೆಯ ತೀರ್ಮಾನಕ್ಕೆ ಹೆಚ್ಚಿನ ಮನ್ನಣೆ ಕೊಡಬೇಕೆಂದಿತು. ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಬಜೆಟ್ ಕಾನೂನು ಕೊಲ್ಲಿಯಲ್ಲಿ 2040ರವರೆಗೆ 30 ಹರಾಜು, ಅಲಾಸ್ಕಾದ ಕುಕ್ ಇನ್‌ಲೆಟ್‌ನಲ್ಲಿ 6 ಹರಾಜುಗಳನ್ನು ಕಡ್ಡಾಯ ಮಾಡಿತು. ಹರಾಜು ಬೇಕೇ, ಬೇಡವೇ ಎಂಬುದು ಅಲ್ಲಿಗೆ ಇಲಾಖೆಯ ವಿವೇಚನೆಯಿಂದಲೇ ಹೊರಬಿತ್ತು. ಕಾನೂನು ಗೊತ್ತುಮಾಡಿದ 30ರಲ್ಲಿ ಮೊದಲನೆಯದು 2025ರ ಡಿಸೆಂಬರ್ 10ರಂದು ನಡೆಯಿತು.